ಹೆರ್ಲೆವ್‌ನ 84 ರೋಗಿಗಳು: ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಇಮ್ಯುನೋಥೆರಪಿ

ಕೋಪನ್‌ಹೇಗನ್‌ಗೆ ಅಂಟಿಕೊಂಡಂತಿರುವ ಹೆರ್ಲೆವ್ ಎಂಬ ಊರಿನ ಆಸ್ಪತ್ರೆಯಲ್ಲಿ 2016ರ ನವೆಂಬರ್‌ನಲ್ಲಿ ಒಂದು ಪ್ರಯೋಗ ಶುರುವಾಯಿತು. ಹೆಸರು ಚೆಕ್‌ಪ್ಯಾಕ್. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದೆ, ಕೀಮೋ ಕೂಡ ಕೈಕೊಟ್ಟಿದೆ. ಅಂಥವರಿಗೆ ರೇಡಿಯೇಷನ್ ಮತ್ತು ಇಮ್ಯುನೋಥೆರಪಿ (ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಎರಡನ್ನೂ ಸೇರಿಸಿ ಕೊಟ್ಟರೆ ಏನಾದರೂ ಪ್ರಯೋಜನ ಇದೆಯೇ ಎಂದು ನೋಡುವುದು ಉದ್ದೇಶ. 2019ರ ಡಿಸೆಂಬರ್ ಹೊತ್ತಿಗೆ 84 ಜನ ಸೇರಿದ್ದರು. ಇನ್ನಾ ಚೆನ್ ಮತ್ತು ಸಹೋದ್ಯೋಗಿಗಳ ವರದಿ 2022ರಲ್ಲಿ ಹೊರಬಂತು.

"ಎರಡನ್ನೂ ಸೇರಿಸಿ ಕೊಟ್ಟರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೂಡ ಕುಗ್ಗುತ್ತಂತೆ" ಎನ್ನುವ ಮಾತಿಗೆ ಆಧಾರವಾಗಿ ತೋರಿಸಬಹುದಾದ ಒಳ್ಳೆಯ ಪ್ರಯೋಗಗಳಲ್ಲಿ ಇದೂ ಒಂದು. ಆ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದೂ ಇದರಲ್ಲೇ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಬಂದವರು ಯಾವ ಸ್ಥಿತಿಯಲ್ಲಿದ್ದರು

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಹತ್ತಿರ ಇರುತ್ತದೆ. ಅಲ್ಲಿ ಗೆಡ್ಡೆ ಬೆಳೆದರೂ ಬಹಳ ದಿನ ಗೊತ್ತಾಗುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಾರೆ, ಬೆನ್ನುನೋವು ಅಂತ ಎಣ್ಣೆ ಹಚ್ಚುತ್ತಾರೆ. ಕಾಮಾಲೆ ಕಾಣಿಸಿಕೊಂಡು ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಎಷ್ಟೋ ಜನರಲ್ಲಿ ಅದು ಲಿವರ್‌ಗೆ ಹೋಗಿರುತ್ತದೆ.

ಹರಡಿದ ಮೇಲೆ ಕೊಡುವ ಮೊದಲ ಔಷಧಿ ಕೀಮೋ. 2011ರಲ್ಲಿ ಬಂದ ಫಾಲ್‌ಫಿರಿನಾಕ್ಸ್ ಎಂಬ ನಾಲ್ಕು ಔಷಧಿಗಳ ಜೋಡಣೆ ಆ ಕಾಲಕ್ಕೆ ದೊಡ್ಡ ಸುದ್ದಿ. ಅದನ್ನು ಪಡೆದವರ ಮಧ್ಯಮ ಆಯಸ್ಸು 11.1 ತಿಂಗಳು, ಹಳೆಯ ಜೆಮ್‌ಸಿಟಬಿನ್ ಒಂದನ್ನೇ ಪಡೆದವರದು 6.8 ತಿಂಗಳು. ಸುಮಾರು ನಾಲ್ಕು ತಿಂಗಳ ವ್ಯತ್ಯಾಸ. ಆ ಮೊದಲ ಕೀಮೋ ಕೆಲಸ ನಿಲ್ಲಿಸಿದ ಮೇಲೆ ಎರಡನೆಯದು ಇದೆ, ಆದರೆ ಅದರಿಂದ ಸಿಗುವುದು ಇನ್ನೂ ಕಡಿಮೆ.

ಹೆರ್ಲೆವ್‌ಗೆ ಬಂದವರು ಈ ಹಾದಿಯನ್ನು ಆಗಲೇ ನಡೆದು ಬಂದವರು. ಕನಿಷ್ಠ ಒಂದು ಸುತ್ತು ಕೀಮೋ ಮುಗಿದಿತ್ತು, ಕಾಯಿಲೆ ಮತ್ತೆ ಬೆಳೆಯುತ್ತಿತ್ತು. ಆದರೂ ಓಡಾಡುವಷ್ಟು ಶಕ್ತಿ ಉಳಿದಿತ್ತು. ಈ ಕೊನೆಯ ಮಾತು ಮುಖ್ಯ. ಹಾಸಿಗೆ ಹಿಡಿದವರು ಇಂಥ ಪ್ರಯೋಗಗಳಿಗೆ ಸೇರುವುದಿಲ್ಲ. ಹಾಗಾಗಿ ಇಲ್ಲಿನ ಅಂಕಿಗಳು ಸ್ವಲ್ಪ ಗಟ್ಟಿಮುಟ್ಟಾಗಿದ್ದ ರೋಗಿಗಳವು.

ಎರಡನ್ನೂ ಸೇರಿಸುವ ಯೋಚನೆ ಬಂದದ್ದು ಹೇಗೆ

ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ತಾಕತ್ತಿದೆ. ಅವು ಅತಿಯಾಗಿ ವರ್ತಿಸದಂತೆ ತಡೆಯುವ ಬ್ರೇಕ್‌ಗಳೂ ಇವೆ. ಅದರಲ್ಲಿ ಎರಡು ಮುಖ್ಯ: ಸಿಟಿಎಲ್‌ಎ-4 ಮತ್ತು ಪಿಡಿ-1. ಮೊದಲನೆಯದನ್ನು ಬಿಡಿಸುವ ಔಷಧಿ ಇಪಿಲಿಮುಮ್ಯಾಬ್, ಎರಡನೆಯದಕ್ಕೆ ನಿವೋಲುಮ್ಯಾಬ್. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಈ ಔಷಧಿಗಳು ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು.

ಪ್ಯಾಂಕ್ರಿಯಾಸ್‌ನಲ್ಲಿ ಮಾತ್ರ ಏನೂ ನಡೆಯಲಿಲ್ಲ. 2010ರಲ್ಲಿ 27 ರೋಗಿಗಳಿಗೆ ಬರೀ ಇಪಿಲಿಮುಮ್ಯಾಬ್ ಕೊಟ್ಟು ನೋಡಿದ್ದರು. ಅಳತೆಯ ನಿಯಮದ ಪ್ರಕಾರ ಒಬ್ಬರ ಗೆಡ್ಡೆಯೂ ಕುಗ್ಗಲಿಲ್ಲ. ಒಬ್ಬರಲ್ಲಿ ಮಾತ್ರ ಮೊದಲು ಬೆಳೆದು ಆಮೇಲೆ ತಡವಾಗಿ ಇಳಿಯಿತು.

ಕಾರಣಗಳು ಒಂದೆರಡಲ್ಲ. ಈ ಗೆಡ್ಡೆಯ ಬಹುಪಾಲು ಕ್ಯಾನ್ಸರ್ ಕೋಶಗಳೇ ಅಲ್ಲ, ಸುತ್ತ ಬೆಳೆದ ಗಟ್ಟಿ ನಾರು. ಅದರೊಳಗೆ ರಕ್ತನಾಳಗಳು ಕಡಿಮೆ, ಟಿ ಕೋಶಗಳು ಇನ್ನೂ ಕಡಿಮೆ. ಬದಲಿಗೆ ಟಿ ಕೋಶಗಳನ್ನು ಸುಮ್ಮನಾಗಿಸುವ ಬೇರೆ ರಕ್ಷಣಾ ಕೋಶಗಳು ತುಂಬಿರುತ್ತವೆ. ಇನ್ನೊಂದು ಸಂಗತಿ: ಮೆಲನೋಮದಲ್ಲಿ ಬಿಸಿಲಿನಿಂದ ಡಿಎನ್‌ಎ ಕೆಟ್ಟು ಸಾವಿರಾರು ಬದಲಾವಣೆ ಆಗಿರುತ್ತವೆ. ಇವು ಪರಕೀಯ ಕೋಶಗಳು ಎಂದು ಗುರುತಿಸಲು ಟಿ ಕೋಶಗಳಿಗೆ ಬೇಕಾದಷ್ಟು ಸುಳಿವು ಸಿಗುತ್ತವೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಅಂಥ ಸುಳಿವುಗಳು ಬಹಳ ಕಡಿಮೆ. ಹತ್ತರಲ್ಲಿ ಒಂಬತ್ತು ಗೆಡ್ಡೆಗಳಲ್ಲಿ ಕೆರಾಸ್ ಎಂಬ ಅದೇ ಜೀನ್ ಕೆಟ್ಟಿರುತ್ತದೆ. ಬ್ರೇಕ್ ಬಿಡಿಸಿದರೂ ಮುಂದೆ ಹೋಗುವುದಕ್ಕೆ ಅಲ್ಲಿ ಟಿ ಕೋಶಗಳೇ ಇಲ್ಲ ಅಂದಮೇಲೆ ಪ್ರಯೋಜನ ಏನು, ಅಲ್ವಾ?

ಇಲ್ಲಿ ರೇಡಿಯೇಷನ್ ಬರುತ್ತದೆ. ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದೇ. ಸಾಮಾನ್ಯವಾಗಿ ಅದು ಬಿದ್ದ ಜಾಗಕ್ಕಷ್ಟೇ ಚಿಕಿತ್ಸೆ. ಆದರೆ ಎಲ್ಲೋ ಅಪರೂಪಕ್ಕೆ, ರೇಡಿಯೇಷನ್ ತಾಗದ ದೂರದ ಗೆಡ್ಡೆಯೂ ಕುಗ್ಗಿದ್ದನ್ನು ವೈದ್ಯರು ನೋಡಿದ್ದರು. 1953ರಲ್ಲಿ ಮೋಲ್ ಎಂಬ ಬ್ರಿಟಿಷ್ ವಿಜ್ಞಾನಿ ಇದಕ್ಕೆ ಆಬ್‌ಸ್ಕೋಪಲ್ ಪರಿಣಾಮ ಎಂದು ಹೆಸರಿಟ್ಟರು. 2012ರಲ್ಲಿ ನ್ಯೂಯಾರ್ಕ್‌ನಿಂದ ಒಂದು ವರದಿ ಬಂತು. ಇಪಿಲಿಮುಮ್ಯಾಬ್ ತೆಗೆದುಕೊಳ್ಳುತ್ತಿದ್ದ ಮೆಲನೋಮ ರೋಗಿಗೆ ಬೆನ್ನುಮೂಳೆ ಪಕ್ಕದ ಗೆಡ್ಡೆಗೆ ರೇಡಿಯೇಷನ್ ಕೊಟ್ಟರು. ಆಮೇಲೆ ಸ್ಪ್ಲೀನ್‌ನಲ್ಲಿದ್ದ, ಎದೆಯೊಳಗಿದ್ದ ಗೆಡ್ಡೆಗಳೂ ಇಳಿದವು. ಒಬ್ಬರೇ ರೋಗಿ. ಆದರೂ ಆ ಒಂದು ವರದಿಯಿಂದ ಪ್ರಪಂಚದ ಎಷ್ಟೋ ಕಡೆ ಪ್ರಯೋಗಗಳು ಹುಟ್ಟಿಕೊಂಡವು.

ವಿವರಣೆ ಹೀಗಿದೆ. ರೇಡಿಯೇಷನ್‌ಗೆ ಸಿಕ್ಕಿ ಸಾಯುವ ಕೋಶ ಸದ್ದಿಲ್ಲದೆ ಸಾಯುವುದಿಲ್ಲ. ಒಡೆದ ಡಿಎನ್‌ಎ ತುಂಡುಗಳು ಕೋಶದ ಒಳಗೆ ಎಲ್ಲಿರಬಾರದೋ ಅಲ್ಲಿ ಸೇರುತ್ತವೆ. ವೈರಸ್ ನುಗ್ಗಿದೆ ಎಂದು ಭಾವಿಸಿ ಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುಗಡೆ ಮಾಡುತ್ತದೆ. ಆಗ ಅಲ್ಲಿಗೆ ಬರುವ ರಕ್ಷಣಾ ಕೋಶಗಳು ಸತ್ತ ಕೋಶದ ಚೂರುಗಳನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತವೆ. ಹೀಗೆ ತಯಾರಾದ ಟಿ ಕೋಶಗಳು ರಕ್ತದಲ್ಲಿ ಎಲ್ಲಿ ಬೇಕಾದರೂ ಹೋಗಬಲ್ಲವು. 2015ರಲ್ಲಿ ಪೆನ್ಸಿಲ್ವೇನಿಯಾ ತಂಡ ಇಲಿಗಳಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತಿತ್ತು. ರೇಡಿಯೇಷನ್, ಸಿಟಿಎಲ್‌ಎ-4 ತಡೆ, ಪಿಡಿ-1 ತಡೆ ಮೂರೂ ಮೂರು ಬೇರೆ ಕೆಲಸ ಮಾಡುತ್ತವೆ, ಮೂರೂ ಸೇರಿದಾಗ ಫಲ ಜಾಸ್ತಿ. ಮರುವರ್ಷ ಹೆರ್ಲೆವ್‌ನಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಬಂದದ್ದು ಬಹುಮಟ್ಟಿಗೆ ಇದೇ ಲೆಕ್ಕಾಚಾರ.

ಕೊಟ್ಟದ್ದು ಏನು

ಎಲ್ಲರಿಗೂ ಒಂದು ಸಲ ರೇಡಿಯೇಷನ್. ಒಂದೇ ಗೆಡ್ಡೆಗೆ, ಒಂದೇ ಬಾರಿಗೆ 15 ಗ್ರೇ. ಗ್ರೇ ಅಂದರೆ ರೇಡಿಯೇಷನ್ ಡೋಸು ಅಳೆಯುವ ಮಾನ. ಸಾಮಾನ್ಯ ರೇಡಿಯೇಷನ್‌ನಲ್ಲಿ ದಿನಕ್ಕೆ 2 ಗ್ರೇ ಆಸುಪಾಸು ಕೊಟ್ಟು ಐದಾರು ವಾರ ಎಳೆಯುತ್ತಾರೆ. ಇದು ಎಸ್‌ಬಿಆರ್‌ಟಿ ಎಂಬ ವಿಧಾನ. ಸಣ್ಣ ಜಾಗಕ್ಕೆ ದೊಡ್ಡ ಡೋಸು, ಹಲವು ಕೋನಗಳಿಂದ.

ಹೇಳುವುದಕ್ಕೆ ಸುಲಭ. ಪ್ಯಾಂಕ್ರಿಯಾಸ್‌ನ ತಲೆಭಾಗವನ್ನು ಸಣ್ಣ ಕರುಳಿನ ಮೊದಲ ತುಂಡು ಸುತ್ತಿಕೊಂಡಿರುತ್ತದೆ, ಮೇಲೆ ಜಠರ. ಇವೆರಡಕ್ಕೂ ದೊಡ್ಡ ಡೋಸು ತಡೆಯುವ ಶಕ್ತಿ ಇಲ್ಲ. ಹುಣ್ಣಾಗಬಹುದು, ರಕ್ತ ಸೋರಬಹುದು. ಸಾಲದ್ದಕ್ಕೆ ಉಸಿರಾಡಿದಾಗಲೆಲ್ಲ ಪ್ಯಾಂಕ್ರಿಯಾಸ್ ಮೇಲೆ ಕೆಳಗೆ ಸರಿಯುತ್ತದೆ. ಹಾಗಾಗಿ ಇಂಥ ಚಿಕಿತ್ಸೆಗೆ ಮುಂಚೆ, ಉಸಿರಿನ ಜೊತೆ ಗೆಡ್ಡೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಸ್ಕ್ಯಾನ್ ತೆಗೆಯುತ್ತಾರೆ. ಕೆಲವು ಕಡೆ ಗೆಡ್ಡೆಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಚಿನ್ನದ ಗುರುತು ಇಡುತ್ತಾರೆ, ಹೊಟ್ಟೆ ಮೇಲೆ ಪಟ್ಟಿ ಬಿಗಿದು ಉಸಿರಿನ ಏರಿಳಿತ ಕಡಿಮೆ ಮಾಡುತ್ತಾರೆ. ರೋಗಿ ಕೈಗಳನ್ನು ತಲೆಯ ಮೇಲಿಟ್ಟು ಅಲ್ಲಾಡದೆ ಮಲಗಬೇಕು. ಪ್ಯಾಂಕ್ರಿಯಾಸ್ ನೋವಿರುವವರಿಗೆ ಚಪ್ಪಟೆಯಾಗಿ ಅಂಗಾತ ಮಲಗುವುದೇ ದೊಡ್ಡ ಹಿಂಸೆ. ಮುಂದಕ್ಕೆ ಬಾಗಿ ಕೂತರೆ ಮಾತ್ರ ಅವರಿಗೆ ಕೊಂಚ ಆರಾಮ. ಎಷ್ಟೋ ಸಲ ನೋವಿನ ಔಷಧಿ ಕೊಟ್ಟೇ ಟೇಬಲ್ ಮೇಲೆ ಮಲಗಿಸಬೇಕಾಗುತ್ತದೆ.

ರೇಡಿಯೇಷನ್ ಜೊತೆಗೆ ಔಷಧಿ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿದರು. 41 ಜನರಿಗೆ ಬರೀ ನಿವೋಲುಮ್ಯಾಬ್. 43 ಜನರಿಗೆ ನಿವೋಲುಮ್ಯಾಬ್ ಜೊತೆ ಇಪಿಲಿಮುಮ್ಯಾಬ್. ರೇಡಿಯೇಷನ್ ಎರಡೂ ಗುಂಪಿಗೆ. ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ.

ಬಂದ ಫಲ

ಎರಡು ಔಷಧಿ ಪಡೆದ 43 ಜನರಲ್ಲಿ 16 ಮಂದಿಗೆ, ಅಂದರೆ ಶೇ 37.2ರಷ್ಟು ಜನಕ್ಕೆ, ಪ್ರಯೋಜನ ಆಯಿತು ಎಂದು ವರದಿ ಹೇಳುತ್ತದೆ. ಒಂದೇ ಔಷಧಿಯ ಗುಂಪಿನಲ್ಲಿ 41ಕ್ಕೆ 7, ಶೇ 17.1. ಮೇಲ್ನೋಟಕ್ಕೆ ಎರಡು ಪಟ್ಟು.

ಈ 'ಪ್ರಯೋಜನ' ಅಂದರೆ ಏನು ಅಂತ ನೋಡಬೇಕು. ಸ್ಕ್ಯಾನ್‌ನಲ್ಲಿ ಕಾಣುವ ಗೆಡ್ಡೆಗಳ ಉದ್ದವನ್ನು ಕೂಡಿಸುತ್ತಾರೆ. ಒಂದು 5 ಸೆಂಟಿಮೀಟರ್, ಇನ್ನೊಂದು 3 ಇದ್ದರೆ ಒಟ್ಟು 8. ಅದು 5.6ಕ್ಕೆ ಇಳಿದರೆ, ಅಂದರೆ ಶೇ 30 ಕಡಿಮೆಯಾದರೆ, 'ಕುಗ್ಗಿತು' ಎಂದು ಲೆಕ್ಕ. 9.6ಕ್ಕೆ ಏರಿದರೆ, ಅಂದರೆ ಶೇ 20 ಜಾಸ್ತಿಯಾದರೆ, 'ಬೆಳೆಯಿತು' ಎಂದು ಲೆಕ್ಕ. ನಡುವೆ ಎಲ್ಲಿದ್ದರೂ 'ಸ್ಥಿರ'. ಆ 16ರಲ್ಲಿ ನಿಜವಾಗಿ ಕುಗ್ಗಿದ್ದು 6 ಜನರಲ್ಲಿ. ಉಳಿದ 10 ಮಂದಿ ಸ್ಥಿರ. ಒಂದೇ ಔಷಧಿಯ ಗುಂಪಿನಲ್ಲಿ ಕುಗ್ಗಿದ್ದು ಒಬ್ಬರಲ್ಲಿ.

43ರಲ್ಲಿ 6 ಅಂದರೆ ಶೇ 14. ಕೀಮೋ ಕೈಬಿಟ್ಟ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಇದನ್ನು ಚಿಕ್ಕದು ಅನ್ನುವಂತಿಲ್ಲ. ಹಿಂದೆ ಇಮ್ಯುನೋಥೆರಪಿ ಇಲ್ಲಿ ಸೊನ್ನೆಯ ಹತ್ತಿರವೇ ಸುತ್ತುತ್ತಿತ್ತು. ಕುಗ್ಗಿದವರಲ್ಲಿ ಅದು ಉಳಿದ ಮಧ್ಯಮ ಅವಧಿ 5.4 ತಿಂಗಳು. ಆ ಆರು ಮನೆಗಳಿಗೆ ಅದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇನ್ನೊಂದು ಅಂಕಿ ಸುದ್ದಿಗಳಲ್ಲಿ ಕಾಣುವುದು ಕಡಿಮೆ. ಎರಡೂ ಗುಂಪಿನವರ ಮಧ್ಯಮ ಆಯಸ್ಸು ನಾಲ್ಕು ತಿಂಗಳಿಗಿಂತ ಕಡಿಮೆ, ಹೆಚ್ಚುಕಡಿಮೆ ಒಂದೇ. ಪ್ರಯೋಜನ ಎರಡು ಪಟ್ಟು, ಆಯಸ್ಸು ಅಷ್ಟೇ. ಇದು ಹೇಗೆ? ಮಧ್ಯಮ ಆಯಸ್ಸು ಎಂದರೆ ಗುಂಪಿನ ಅರ್ಧ ಜನ ತೀರಿಕೊಳ್ಳುವ ಹೊತ್ತು. ನೂರಕ್ಕೆ ಹದಿನಾಲ್ಕು ಜನ ಚೆನ್ನಾಗಿದ್ದರೂ ಮೊದಲ ಐವತ್ತು ಜನರ ಗತಿ ಅದರಿಂದ ಬದಲಾಗುವುದಿಲ್ಲ. ಚಿಕಿತ್ಸೆ ಕೆಲವರಿಗೆ ತಾಗುತ್ತದೆ, ಜಾಸ್ತಿ ಜನರಿಗೆ ತಾಗುವುದೇ ಇಲ್ಲ. ಯಾರಿಗೆ ತಾಗುತ್ತದೆ ಎಂದು ಮುಂಚೆ ಹೇಳುವ ದಾರಿ ಈ ಪ್ರಯೋಗದಲ್ಲಿ ಸಿಗಲಿಲ್ಲ.

ಅಡ್ಡಪರಿಣಾಮ? ಎರಡು ಔಷಧಿಯ ಗುಂಪಿನಲ್ಲಿ 13 ಜನರಿಗೆ, ಒಂದರ ಗುಂಪಿನಲ್ಲಿ 10 ಜನರಿಗೆ ಚಿಕಿತ್ಸೆಯಿಂದಾಗಿಯೇ ತೀವ್ರ ತೊಂದರೆ ಆಯಿತು. ಬ್ರೇಕ್ ಬಿಟ್ಟ ಟಿ ಕೋಶಗಳು ಕರುಳು, ಲಿವರ್, ಥೈರಾಯ್ಡ್ ಮೇಲೂ ತಿರುಗಿಬೀಳಬಹುದು. ಪ್ಯಾಂಕ್ರಿಯಾಸ್ ರೋಗಿಯಲ್ಲಿ ಇದನ್ನು ಗುರುತಿಸುವುದೇ ಕಷ್ಟ. ಭೇದಿ ಆಗುತ್ತಿದೆ ಅನ್ನಿ. ಜೀರ್ಣರಸ ಸಾಲದೆ ಆದ ಭೇದಿಯಾದರೆ ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಜಾಸ್ತಿ ಮಾಡಬೇಕು. ಔಷಧಿಯಿಂದ ಕರುಳು ಉರಿದು ಆದದ್ದಾದರೆ ಔಷಧಿ ನಿಲ್ಲಿಸಿ ಸ್ಟೀರಾಯ್ಡ್ ಕೊಡಬೇಕು. ಮನೆಯವರಿಗೆ ಎರಡೂ ಒಂದೇ ಥರ ಕಾಣುತ್ತವೆ. ದಿನಕ್ಕೆ ಎಷ್ಟು ಸಲ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ರಕ್ತ ಇದೆಯೇ, ಜಿಡ್ಡು ತೇಲುತ್ತದೆಯೇ ಎಂದು ಬರೆದಿಟ್ಟುಕೊಂಡು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ.

ಇಲ್ಲದ ಮೂರನೇ ಗುಂಪು

ಈಗ ಆ ವಾಕ್ಯಕ್ಕೆ ಬರೋಣ. ರೇಡಿಯೇಷನ್ ಎರಡೂ ಗುಂಪಿಗೆ ಕೊಟ್ಟರು. ಹಾಗಿದ್ದ ಮೇಲೆ ಈ ಪ್ರಯೋಗ ಹೋಲಿಸಿದ್ದು ಒಂದು ಔಷಧಿಯನ್ನು ಎರಡು ಔಷಧಿಯ ಜೊತೆ. ರೇಡಿಯೇಷನ್ ಇದ್ದದ್ದನ್ನು ಇಲ್ಲದ್ದರ ಜೊತೆ ಹೋಲಿಸಲೇ ಇಲ್ಲ. ಆ ಆರು ಜನರಿಗೆ ರೇಡಿಯೇಷನ್ ಕೊಡದೆ ಎರಡು ಔಷಧಿ ಮಾತ್ರ ಕೊಟ್ಟಿದ್ದರೂ ಕುಗ್ಗುತ್ತಿತ್ತೋ ಏನೋ. ಇದನ್ನು ಚೆನ್ ತಂಡ ಮುಚ್ಚಿಡಲಿಲ್ಲ. ರೇಡಿಯೇಷನ್‌ನ ಪಾಲು ಎಷ್ಟು ಎಂದು ತಿಳಿಯದು ಎಂದು ವರದಿಯ ಸಾರಾಂಶದಲ್ಲೇ ಬರೆದಿದ್ದಾರೆ. ಆ ಸಾಲನ್ನು ಬಿಟ್ಟು ಶೇ 37 ಎನ್ನುವುದನ್ನಷ್ಟೇ ಹಿಡಿದುಕೊಂಡರೆ ತಪ್ಪು ನಮ್ಮದು.

ಬೇರೆ ಪ್ರಯೋಗಗಳನ್ನು ಪಕ್ಕಕ್ಕಿಟ್ಟು ನೋಡುವ ಆಸೆ ಆಗುತ್ತದೆ. 2019ರಲ್ಲಿ ಅದೇ ಜಾತಿಯ ಬೇರೆ ಎರಡು ಔಷಧಿ, ಡುರ್ವಾಲುಮ್ಯಾಬ್ ಮತ್ತು ಟ್ರೆಮೆಲಿಮುಮ್ಯಾಬ್, ರೇಡಿಯೇಷನ್ ಇಲ್ಲದೆ ಕೊಟ್ಟಾಗ ಗೆಡ್ಡೆ ಕುಗ್ಗಿದ್ದು ಶೇ 3.1 ಜನರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಡುರ್ವಾಲುಮ್ಯಾಬನ್ನು ಒಂಟಿಯಾಗಿ ಅಥವಾ ಟ್ರೆಮೆಲಿಮುಮ್ಯಾಬ್ ಜೊತೆ, ರೇಡಿಯೇಷನ್ ಸೇರಿಸಿ ಕೊಟ್ಟಾಗ ಶೇ 5.1. ಬಾಸ್ಟನ್‌ನಲ್ಲಿ ಇಪಿಲಿಮುಮ್ಯಾಬ್, ನಿವೋಲುಮ್ಯಾಬ್, ರೇಡಿಯೇಷನ್ ಮೂರೂ ಕೊಟ್ಟ ಪ್ರಯೋಗದ 25 ಪ್ಯಾಂಕ್ರಿಯಾಸ್ ರೋಗಿಗಳಲ್ಲಿ 3 ಜನ, ಶೇ 12. ಮೂರರಿಂದ ಹದಿನಾಲ್ಕಕ್ಕೆ ಏರುತ್ತಿದೆ, ರೇಡಿಯೇಷನ್‌ನಿಂದಲೇ ಇರಬೇಕು ಅನಿಸುತ್ತದೆ. ಆದರೆ ಔಷಧಿ ಬೇರೆ, ರೋಗಿಗಳು ಬೇರೆ, ಡೋಸು ಬೇರೆ. ಬಾಸ್ಟನ್‌ನಲ್ಲಂತೂ ಮೊದಲು ಔಷಧಿ, ಆಮೇಲೆ ರೇಡಿಯೇಷನ್. ಆ ಕೆಲವೇ ವಾರಗಳಲ್ಲಿ ಹಲವರ ಸ್ಥಿತಿ ಕೆಟ್ಟು, 25ರಲ್ಲಿ 17 ಜನ ಮಾತ್ರ ರೇಡಿಯೇಷನ್ ತನಕ ಬಂದರು. ಕಾಯಿಲೆಯ ವೇಗ ಎಷ್ಟು ಅಂತ ಇದರಲ್ಲೇ ಗೊತ್ತಾಗುತ್ತದೆ.

ರೇಡಿಯೇಷನ್ ಇಲ್ಲದೆ ಎರಡು ಔಷಧಿ ಮಾತ್ರ ಪಡೆಯುವ ಮೂರನೇ ಗುಂಪು ಇಟ್ಟು ತೀರ್ಮಾನ ಮಾಡಬಹುದಿತ್ತಲ್ಲ? ಲೆಕ್ಕ ಹಾಕಿ ನೋಡೋಣ. ಶೇ 14 ಮತ್ತು ಶೇ 5ರ ನಡುವಿನ ವ್ಯತ್ಯಾಸ ಬರೀ ಅದೃಷ್ಟದ ಆಟ ಅಲ್ಲ ಎಂದು ಸಾಮಾನ್ಯ ನಿಯಮದ ಪ್ರಕಾರ ತೋರಿಸಬೇಕಾದರೆ ಒಂದೊಂದು ಗುಂಪಿನಲ್ಲೂ ಸುಮಾರು 160 ಜನ ಬೇಕು. ಎರಡೂ ಸೇರಿ 320. ಹೆರ್ಲೆವ್‌ನಲ್ಲಿ 84 ಜನ ಸೇರಲು ಮೂರು ವರ್ಷ ಹಿಡಿಯಿತು. ಅದೇ ವೇಗದಲ್ಲಿ ಹೋದರೆ ಹನ್ನೊಂದು ಹನ್ನೆರಡು ವರ್ಷ. ಒಂದೇ ಆಸ್ಪತ್ರೆಯಿಂದ ಆಗುವ ಕೆಲಸ ಅಲ್ಲ. ಅದಕ್ಕೇ ನನಗೆ ಆ ತಂಡದ ಮೇಲೆ ದೂರು ಹೇಳುವ ಮನಸ್ಸಿಲ್ಲ. ದೂರು ಇರುವುದು ಅರ್ಧ ಉತ್ತರವನ್ನು ಪೂರ್ತಿ ಉತ್ತರ ಎಂದು ಮಾರುವವರ ಮೇಲೆ.

15 ಗ್ರೇ ಸರಿಯಾದ ಡೋಸೇ?

ಪ್ರಯೋಗ ನಡೆಯುತ್ತಿದ್ದಾಗಲೇ, 2017ರಲ್ಲಿ, ಇಲಿಗಳ ಮೇಲೆ ಮಾಡಿದ ಒಂದು ಅಧ್ಯಯನ ಬಂತು. ಒಂದೇ ಬಾರಿಗೆ 12ರಿಂದ 18 ಗ್ರೇಗಿಂತ ಜಾಸ್ತಿ ಕೊಟ್ಟರೆ ಕೋಶದಲ್ಲಿ ಟ್ರೆಕ್ಸ್-1 ಎಂಬ ಕಿಣ್ವ ಹೆಚ್ಚುತ್ತದೆ, ಅದು ಒಡೆದ ಡಿಎನ್‌ಎ ತುಂಡುಗಳನ್ನು ಕತ್ತರಿಸಿ ಹಾಕುತ್ತದೆ, ಇಂಟರ್‌ಫೆರಾನ್ ಬರುವುದೇ ಇಲ್ಲ ಎಂದು ಅದು ತೋರಿಸಿತು. ಎಲ್ಲಿಂದ ಕೆಡುತ್ತದೆ ಎನ್ನುವುದು ಗೆಡ್ಡೆಯಿಂದ ಗೆಡ್ಡೆಗೆ ಬದಲಾಗುತ್ತದೆ. 8 ಗ್ರೇಯಂತೆ ಮೂರು ಸಲ ಕೊಟ್ಟರೆ ಒಳ್ಳೆಯದು ಎನ್ನುವ ವಾದ ಇದರಿಂದ ಬಲವಾಯಿತು. ಬಾಸ್ಟನ್‌ನಲ್ಲಿ ಕೊಟ್ಟದ್ದು ಅದೇ ರೀತಿ. ಹೆರ್ಲೆವ್‌ನ 15 ಸರಿಯಾಗಿ ಆ ಗಡಿಯ ಮೇಲೆ ಕೂತಿದೆ. ಗೆಡ್ಡೆ ಸುಡುವುದಕ್ಕೆ ಒಳ್ಳೆಯ ಡೋಸು, ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವುದಕ್ಕೂ ಒಳ್ಳೆಯದೇ ಆಗಿರಬೇಕು ಅಂತಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಅನ್ನುವಂತೆಯೂ ಇಲ್ಲ, ಬಿಡಿ.

ಮುಂದಿನ ಹೆಜ್ಜೆ, ಮತ್ತು ಸೊನ್ನೆ

ಚೆಕ್‌ಪ್ಯಾಕ್ ರೋಗಿಗಳ ರಕ್ತದಲ್ಲಿ ಒಂದು ಸುಳಿವು ಸಿಕ್ಕಿತ್ತು. ಚಿಕಿತ್ಸೆ ನಡೆಯುವಾಗ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಸಿಆರ್‌ಪಿ ಇಳಿದವರು ಹೆಚ್ಚು ಕಾಲ ಬದುಕಿದ್ದರು. ಮೂರೂ ದೇಹದಲ್ಲಿನ ಉರಿಯೂತದ ಗುರುತುಗಳು. ಹಾಗಾದರೆ ಇಂಟರ್‌ಲ್ಯೂಕಿನ್-6 ಅನ್ನು ನಾವೇ ತಡೆದರೆ? ಅದಕ್ಕೆ ಔಷಧಿ ಸಿದ್ಧವಾಗಿಯೇ ಇತ್ತು. ಟೋಸಿಲಿಜುಮ್ಯಾಬ್. 2021ರ ಕೋವಿಡ್ ಅಲೆಯಲ್ಲಿ ನಮ್ಮ ಜನ ಊರೂರು ಅಲೆದು ಹುಡುಕಿದ ಇಂಜೆಕ್ಷನ್ ಇದೇ. ಮೂಲತಃ ಸಂಧಿವಾತಕ್ಕೆ ಕೊಡುವುದು.

ಅದೇ ತಂಡ ಅದೇ ಎರಡು ಔಷಧಿ, ರೇಡಿಯೇಷನ್, ಮೇಲೆ ಟೋಸಿಲಿಜುಮ್ಯಾಬ್ ಸೇರಿಸಿ ಟ್ರಿಪಲ್-ಆರ್ ಎಂಬ ಪ್ರಯೋಗ ಮಾಡಿತು. 26 ರೋಗಿಗಳು. 2023ರಲ್ಲಿ ವರದಿ ಬಂತು. ಗೆಡ್ಡೆ ಕುಗ್ಗಿದವರು ಒಬ್ಬರೂ ಇಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅಂಕಿ ಇದೇ. ಉರಿಯೂತ ಇಳಿದದ್ದು ಗುಣವಾಗುತ್ತಿರುವುದರ ಫಲ ಆಗಿತ್ತೇ ಹೊರತು ಕಾರಣ ಆಗಿರಲಿಲ್ಲವೋ ಏನೋ. ಇಲ್ಲವೇ ಇಂಟರ್‌ಲ್ಯೂಕಿನ್-6 ತಡೆದದ್ದೇ ಟಿ ಕೋಶಗಳಿಗೆ ತೊಡಕಾಯಿತೋ. ಇನ್ನೂ ಸರಳ ಉತ್ತರ ಒಂದಿದೆ. 43ರಲ್ಲಿ 6 ಎನ್ನುವುದೇ ಸಣ್ಣ ಅಂಕಿ. ನಿಜವಾದ ಪ್ರಮಾಣ ಶೇ 5 ಇರಬಹುದು, 28 ಇರಬಹುದು ಎಂದು ಆ ವರದಿಯ ಲೆಕ್ಕವೇ ಹೇಳುತ್ತದೆ. ಟೋಸಿಲಿಜುಮ್ಯಾಬ್‌ನಿಂದ ಒಳ್ಳೆಯದೂ ಆಗಲಿಲ್ಲ ಕೆಟ್ಟದ್ದೂ ಆಗಲಿಲ್ಲ ಎಂದು ಒಂದು ಕ್ಷಣ ಇಟ್ಟುಕೊಂಡು ಎರಡೂ ಪ್ರಯೋಗ ಕೂಡಿಸಿದರೆ 69ಕ್ಕೆ 6. ಶೇ 9 ಕೂಡ ಇಲ್ಲ.

ಇಲ್ಲಿನ ರೋಗಿ ಕೇಳಬಹುದಾದದ್ದು

ಬೆಂಗಳೂರಿನಲ್ಲಿ ಎಸ್‌ಬಿಆರ್‌ಟಿ ಯಂತ್ರಗಳಿವೆ, ನಿವೋಲುಮ್ಯಾಬ್ ಸಿಗುತ್ತದೆ. ಹಾಗಾಗಿ "ಎರಡೂ ಮಾಡಿಸಿದರೆ ಹೇಗೆ ಡಾಕ್ಟ್ರೇ" ಅನ್ನುವ ಪ್ರಶ್ನೆ ಸಹಜ. ಪ್ರಯೋಗದ ಒಳಗೆ ಸಿಕ್ಕರೆ ಸೇರಬಹುದು. ಹೊರಗೆ, ಸ್ವಂತ ದುಡ್ಡಿನಲ್ಲಿ, ಹೊಲವನ್ನೋ ಒಡವೆಯನ್ನೋ ಮಾರಿ ಮಾಡಿಸುವುದಕ್ಕೆ ಹೆರ್ಲೆವ್ ವರದಿಯನ್ನು ಆಧಾರ ಮಾಡಿಕೊಳ್ಳುವುದು ಸರಿಯಲ್ಲ. ಅದರಲ್ಲೂ ಒಂಟಿ ನಿವೋಲುಮ್ಯಾಬ್ ಜೊತೆ ರೇಡಿಯೇಷನ್ ಪಡೆದವರಲ್ಲಿ ಗೆಡ್ಡೆ ಕುಗ್ಗಿದ್ದು 41ರಲ್ಲಿ ಒಬ್ಬರಿಗೆ ಮಾತ್ರ. ನೋವು ಕಡಿಮೆ ಮಾಡುವುದಕ್ಕೆ ಕೊಡುವ ರೇಡಿಯೇಷನ್ ಬೇರೆ ವಿಷಯ. ಅದಕ್ಕೆ ತನ್ನದೇ ಆದ ಜಾಗ ಇದೆ, ಇಮ್ಯುನೋಥೆರಪಿಯ ನೆರವು ಬೇಕಿಲ್ಲ.

ಒಂದು ಪರೀಕ್ಷೆಯನ್ನು ಮಾತ್ರ ಬಿಡಬಾರದು. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ನೂರಕ್ಕೆ ಒಬ್ಬಿಬ್ಬರ ಗೆಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಎಂಎಸ್‌ಐ ಹೈ ಎಂದು ಬರುತ್ತದೆ. ಅಂಥವರಿಗೆ, ಗೆಡ್ಡೆ ಯಾವ ಅಂಗದಲ್ಲೇ ಇರಲಿ, ನಿವೋಲುಮ್ಯಾಬ್‌ನಂತೆಯೇ ಪಿಡಿ-1 ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಕೊಡಲು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಒಪ್ಪಿದೆ. ಅಂಥ 22 ಪ್ಯಾಂಕ್ರಿಯಾಸ್ ರೋಗಿಗಳಲ್ಲಿ 4 ಜನರ ಗೆಡ್ಡೆ ಕುಗ್ಗಿತು. ಕುಗ್ಗಿದ್ದು ಉಳಿದ ಮಧ್ಯಮ ಅವಧಿ ಒಂದು ವರ್ಷಕ್ಕಿಂತ ಹೆಚ್ಚು, ರೇಡಿಯೇಷನ್ ಇಲ್ಲದೆಯೇ. ಸಾಮಾನ್ಯವಾಗಿ ಇದಕ್ಕೆ ಹೊಸದಾಗಿ ಸೂಜಿ ಚುಚ್ಚಬೇಕಾಗಿಲ್ಲ. ಮೊದಲು ಬಯಾಪ್ಸಿ ಮಾಡಿದಾಗ ಮೇಣದಲ್ಲಿ ಇಟ್ಟ ತುಂಡನ್ನು, ಲ್ಯಾಬಿನವರು ಬ್ಲಾಕ್ ಅನ್ನುವುದನ್ನು, ಆಸ್ಪತ್ರೆಯಲ್ಲಿ ಕೇಳಿ ಪಡೆದರೆ ಅದರಲ್ಲೇ ಈ ಪರೀಕ್ಷೆ ಮಾಡುತ್ತಾರೆ. ಆ ತುಂಡು ಬಹಳ ಚಿಕ್ಕದಾಗಿದ್ದರೆ ಮಾತ್ರ ಇನ್ನೊಮ್ಮೆ ಬಯಾಪ್ಸಿ ಬೇಕಾಗಬಹುದು.